ದೊರೆಸಾನಿಯ ಮಗನ ಕೋಟು

ಬಟ್ಟೆ ಯಾವುದೇ ಇರಲಿ, ಕೈಗೆ ಸಿಕ್ಕಿದ ಕೂಡಲೇ ಅದನ್ನು ಮಗುಚಿ ಒಳಭಾಗ ನೋಡುವುದು ನನ್ನ ಚಾಳಿ. ಒಳ್ಳೆಯ ಚಾಳಿಯಲ್ಲ ಎಂದು ನನಗೂ ಗೊತ್ತು. ಬಹ್ರೇನಿನ ಮನಾಮಾದ ದೊಡ್ಡ ಅಂಗಡಿಗಳಿಗೆ ಹೋದರೆ ಅಲ್ಲಿ ತೂಗುಹಾಕಿದ ಕೋಟುಗಳ ಕಂಕುಳಿಗೆ ಕೈಹಾಕಿ ಹೊಲಿಗೆ ತಡವುತ್ತಾ ನಿಂತುಬಿಡುತ್ತೇನೆ. ಒಮ್ಮೆ ಊರಿನವರೊಬ್ಬರ ಮದುವೆಯ ಔತಣದಲ್ಲಿ ವರನ ಜೊತೆ ಫೋಟೋಕ್ಕೆ ನಿಂತವನು ಅವನ ಶೇರ್ವಾನಿಯ ಅಂಚನ್ನು ಎತ್ತಿ ಒಳಗೆ ಇಣುಕಿದೆ. ಆ ಫೋಟೋ ಈಗಲೂ ಅವರ ಆಲ್ಬಮ್ಮಿನಲ್ಲಿ ಉಂಟು. ಎಲ್ಲರೂ ಕ್ಯಾಮೆರಾ ನೋಡಿ ನಗುತ್ತಿದ್ದಾರೆ. ನಾನೊಬ್ಬ ಮದುಮಗನ ಹೊಟ್ಟೆಯ ಹತ್ತಿರ ಬಗ್ಗಿದ್ದೇನೆ, ಏನೋ ಬಿದ್ದುಹೋದದ್ದನ್ನು ಹುಡುಕುವವನ ಹಾಗೆ.

ಅಲ್ಲೇ ಸೆಗಯಾ ಬಡಾವಣೆಯ ಒಂದು ಸಣ್ಣ ಬೀದಿಯಲ್ಲಿ, ಕೆಳಗೆ ಸಾಲಾಗಿ ಅಂಗಡಿ, ಮೇಲೆ ಸಾಲಾಗಿ ಬಾಡಿಗೆ ಮನೆ ಇರುವ ಕಟ್ಟಡದಲ್ಲಿ ನನ್ನ ಟೈಲರ್ ಅಂಗಡಿ. ಬಂದು ಮೂವತ್ತನಾಲ್ಕು ವರ್ಷವಾಯಿತು. ನಾನು ಹೊಲಿಯುವುದಕ್ಕಿಂತ ಬಿಚ್ಚುವುದೇ ಜಾಸ್ತಿ. ನರ್ಸುಗಳ ಯೂನಿಫಾರ್ಮ್ ಸೊಂಟಕ್ಕೆ ಹಿಡಿಸುವುದು, ಸಿತ್ರಾದ ಕಾರ್ಖಾನೆಗಳಲ್ಲಿ ದುಡಿಯುವವರ ಪ್ಯಾಂಟಿನ ಕಾಲು ಮಡಚುವುದು, ಇಲ್ಲಿನ ಹೆಂಗಸರು ಮೈತುಂಬ ತೊಡುವ ಕಪ್ಪು ಅಬಾಯದ ಉದ್ದ ಕಡಿಮೆ ಮಾಡುವುದು. ಬಿಚ್ಚುವ ಕೆಲಸದಲ್ಲಿ ಒಂದು ಸುಖ ಉಂಟು. ಬಟ್ಟೆಯನ್ನು ಹೊಲಿದವನು ಯಾರು, ಅವನಿಗೆ ಅವಸರವಿತ್ತೇ, ನೂಲು ಉಳಿಸುವ ಜಿಪುಣನೇ, ಎಲ್ಲವೂ ಒಳಗಡೆ ಬರೆದಿಟ್ಟ ಹಾಗೆ ಕಾಣುತ್ತದೆ. ಹೀಗೆ ಓದಲು ಕಲಿಸಿದವರು ನನ್ನ ಅಜ್ಜ.

ಅಜ್ಜನ ಹೆಸರು ಶೀನಪ್ಪ. ಇಂಗ್ಲಿಷರ ಕಾಲದಲ್ಲಿ ಮಂಗಳೂರಿನ ಗುಡ್ಡದ ಮೇಲಿನ ಬಂಗಲೆಗಳಿಗೆ ಹೋಗಿ ಹೊಲಿಯುತ್ತಿದ್ದ ದರ್ಜಿ. ಆಗ ದರ್ಜಿಗೆ ಅಂಗಡಿ ಎಂಬುದು ಇರಲೇಬೇಕೆಂದಿರಲಿಲ್ಲವಂತೆ. ಮನೆಯವರು ಹೇಳಿಕಳಿಸಿದರೆ ದರ್ಜಿಯೇ ಗಂಟುಮೂಟೆ ಕಟ್ಟಿಕೊಂಡು ಹೋಗಬೇಕು. ಮಳೆಗಾಲಕ್ಕೆ ಮುಂಚೆ ಒಂದು ತಿಂಗಳು, ಕ್ರಿಸ್ಮಸ್ಸಿಗೆ ಮುಂಚೆ ಒಂದು ತಿಂಗಳು, ಒಂದೊಂದು ಬಂಗಲೆಯ ಹಿಂದಿನ ಜಗಲಿಯಲ್ಲಿ ಅಜ್ಜನ ವಾಸ. ಬೆಳಿಗ್ಗೆ ಬಿಸಿಲು ಜಗಲಿಗೆ ಬರುವ ಹೊತ್ತಿಗೆ ಚಾಪೆ ಹಾಸಿ ಕೂತರೆ, ಬಿಸಿಲು ಜಾರಿ ಹೋಗುವ ಹೊತ್ತಿಗೆ ಏಳುವುದು. ಪರದೆ, ದಿಂಬಿನ ಚೀಲ, ದೊರೆಯ ಖಾಕಿ ಚಡ್ಡಿ, ದೊರೆಸಾನಿಯ ಗೌನು, ಕುದುರೆಯ ಬೆನ್ನಿಗೆ ಹಾಕುವ ಗೋಣಿಯಂಥ ಬಟ್ಟೆ, ಎಲ್ಲವನ್ನೂ ಒಂದೇ ಸೂಜಿಯ ಶ್ರದ್ಧೆಯಲ್ಲಿ ಹೊಲಿಯಬೇಕು.

ಅವರ ಕೈಮೆಷಿನ್ ಕಬ್ಬಿಣದ ಗಟ್ಟಿ. ಅದನ್ನು ಹಳೆಯ ಕಂಬಳಿಯಲ್ಲಿ ಸುತ್ತಿ, ಸಿಂಬಿ ಇಟ್ಟು ತಲೆಯ ಮೇಲೆ ಹೊತ್ತು ಗುಡ್ಡ ಹತ್ತುತ್ತಿದ್ದರು. ಬಲಗೈಯಲ್ಲಿ ಹಿಡಿ ತಿರುಗಿಸಬೇಕು, ಎಡಗೈ ಒಂದರಲ್ಲೇ ಬಟ್ಟೆ ನಡೆಸಬೇಕು. ಹಾಗಾಗಿ ಅಜ್ಜನ ಎಡಗೈ ಬಲಗೈಗಿಂತ ಜಾಣ. ನಾನು ಕಂಡಾಗ ಅವರು ಮುದುಕರು, ಹೊಲಿಯುವುದು ಬಿಟ್ಟಾಗಿತ್ತು, ಆದರೂ ಊಟಕ್ಕೆ ಕೂತಾಗ ಎಡಗೈಯ ಬೆರಳುಗಳು ಬಾಳೆಲೆಯ ಅಂಚನ್ನು ತಾವಾಗಿಯೇ ನೀವಿ ನೇರ ಮಾಡುತ್ತಿದ್ದವು.

ಮೆಷಿನ್ ಬಿಟ್ಟರೆ ಉಳಿದದ್ದೆಲ್ಲ ಒಂದು ತಗಡಿನ ಪೆಟ್ಟಿಗೆಯಲ್ಲಿ. ಬೆರಳಿಗೆ ಹಾಕುವ ಹಿತ್ತಾಳೆಯ ಅಂಗುಸ್ತಾನ. ಸೂಜಿ ತಳ್ಳಿ ತಳ್ಳಿ ಅದರ ಮೈಯೆಲ್ಲ ಸಿಡುಬು ಎದ್ದವರ ಮುಖದ ಹಾಗೆ ಆಗಿತ್ತು. ನೂಲು ಸಿಕ್ಕಾಗದಂತೆ ತಿಕ್ಕಲು ಜೇನುಮೇಣದ ಉಂಡೆ, ಅದರ ಮೇಲೆ ನೂಲು ಎಳೆದೆಳೆದು ಬಿದ್ದ ಗೀರುಗಳು. ಗುರುತು ಹಾಕಲು ಸೀಮೆಸುಣ್ಣ ಸಿಗದಿದ್ದಾಗ ಒಣಗಿದ ಸಾಬೂನಿನ ಚೂರು. ಇನ್ನು ಇಸ್ತ್ರಿ ಪೆಟ್ಟಿಗೆ. ಅದು ಪೆಟ್ಟಿಗೆಯೊಳಗೆ ಹಿಡಿಸುವ ಜಾತಿಯದ್ದಲ್ಲ, ಬೇರೆಯೇ ಒಂದು ಹೊರೆ. ತೆಂಗಿನ ಗೆರಟೆ ಸುಟ್ಟು ಕೆಂಡ ಮಾಡಿ ತುಂಬಬೇಕು, ಗಾಳಿ ಬರುವ ಕಡೆಗೆ ಮುಖಮಾಡಿ ಆಡಿಸಬೇಕು, ಬಿಸಿ ಎಷ್ಟಾಯಿತೆಂದು ತಿಳಿಯಲು ತಳಕ್ಕೆ ನೀರು ಚಿಮುಕಿಸಿ ಸದ್ದು ಕೇಳಬೇಕು. ಒಂದು ಕಿಡಿ ಹಾರಿ ದೊರೆಸಾನಿಯ ರೇಷ್ಮೆಯ ಮೇಲೆ ಬಿದ್ದರೆ ಕಥೆ ಮುಗಿಯಿತು. ಅದಕ್ಕೇ ಅಜ್ಜ ಇಸ್ತ್ರಿ ಮಾಡುವಾಗ ಯಾರೂ ಮಾತಾಡಬಾರದು, ನಗಬಾರದು, ಮುಖ್ಯವಾಗಿ ಸೀನಬಾರದು. ನಾನೀಗ ಹಬೆ ಉಗುಳುವ ಕರೆಂಟಿನ ಇಸ್ತ್ರಿ ಇಟ್ಟುಕೊಂಡಿದ್ದೇನೆ. ಬಿಸಿಯಾದರೆ ಅದೇ ದೀಪ ಹೊತ್ತಿಸಿ ಹೇಳುತ್ತದೆ. ಹೀಗಿದ್ದೂ ಬಂದ ಹೊಸತರಲ್ಲಿ ಒಂದು ಅಬಾಯದ ಬೆನ್ನಿಗೆ ತ್ರಿಕೋನಾಕಾರದ ಕಿಟಕಿ ಇಟ್ಟವನು ನಾನು. ಆಗ ನಾನು ಕೆಲಸಕ್ಕಿದ್ದ ಅಂಗಡಿಯ ಅರ್ಬಾಬ್, ಅಂದರೆ ನನ್ನ ಧಣಿ, ಅದನ್ನು ಬೆಳಕಿಗೆ ಹಿಡಿದು ಆ ಕಿಟಕಿಯಿಂದ ನನ್ನನ್ನು ನೋಡಿ, ಖಲಾಸ್ ಎಂದು ಒಂದೇ ಮಾತು ಹೇಳಿ ಕೆಳಗಿಟ್ಟರು.

ಅಜ್ಜನ ಹತ್ತಿರ ಅಳತೆಯ ಟೇಪು ಇರಲಿಲ್ಲ. ಇಂಚಿನ ಲೆಕ್ಕ ಓದಲು ಬರುತ್ತಿರಲಿಲ್ಲವಾದ್ದರಿಂದ ಇದ್ದರೂ ಉಪಯೋಗವಿರಲಿಲ್ಲ. ಅವರದ್ದು ಕಾಗದದ ಪಟ್ಟಿ. ಹಳೆಯ ಪತ್ರಿಕೆಯನ್ನು ಉದ್ದಕ್ಕೆ ಸೀಳಿ, ನಾಲ್ಕು ಮಡಿಕೆ ಮಡಚಿ, ಒಂದು ತುದಿಯನ್ನು ಕುತ್ತಿಗೆಯ ಹಿಂದೆ ಹಿಡಿದು ಸೊಂಟ ಬಂದಲ್ಲಿ ಕತ್ತರಿಯಿಂದ ಒಂದು ಕಚ್ಚು, ತೋಳು ಮುಗಿದಲ್ಲಿ ಎರಡು ಕಚ್ಚು, ಎದೆಯ ಸುತ್ತಿಗೆ ಓರೆ ಕಚ್ಚು. ಒಬ್ಬೊಬ್ಬರಿಗೆ ಒಂದೊಂದು ಪಟ್ಟಿ. ಒಂದು ಮನೆಯವರ ಪಟ್ಟಿಗಳನ್ನೆಲ್ಲ ಒಟ್ಟು ಸೇರಿಸಿ ದಾರ ಕಟ್ಟಿ ಮಾಡಿನ ಮರದ ಪಕ್ಕಾಸಿಗೆ ನೇತುಹಾಕುತ್ತಿದ್ದರು. ನಮ್ಮ ಮನೆಯ ಒಳಕೋಣೆಯಲ್ಲಿ ಅಂಥ ಹತ್ತಾರು ಕಟ್ಟುಗಳು ಹಳದಿಯಾಗಿ, ಗಾಳಿ ಬಂದರೆ ಪಟಪಟನೆ ಆಡುತ್ತಾ ತೂಗುತ್ತಿದ್ದುದು ನನಗೆ ನೆನಪುಂಟು. ಯಾರದೋ ಎದೆ, ಯಾರದೋ ತೋಳು. ಹಡಗು ಹತ್ತಿ ಹೋಗಿ ಎಷ್ಟೋ ಕಾಲವಾದ ಮಂದಿಯ ಸೊಂಟದ ಸುತ್ತಳತೆ ನಮ್ಮ ತಲೆಯ ಮೇಲೆ ಹಾಗೆಯೇ ಇತ್ತು.

ದೊರೆಗಳಿಗೆ ಪಟ್ಟಿ ಹಿಡಿಯಬಹುದಿತ್ತು. ದೊರೆಸಾನಿಯರಿಗೆ ಆಗುವಂತಿಲ್ಲ, ಕಪ್ಪು ದರ್ಜಿ ಅವರ ಮೈ ಮುಟ್ಟಲುಂಟೇ? ಹಳೆಯ ಗೌನು ಒಂದನ್ನು ಹೊರಗೆ ಕಳಿಸುತ್ತಿದ್ದರು, ಅದರ ಹಾಗೆಯೇ ಹೊಸದು ಹೊಲಿಯಬೇಕು. ಆದರೆ ಗೌನಿಗೆ ವಯಸ್ಸಾಗುವ ಹಾಗೆ ದೊರೆಸಾನಿಗೂ ಆಗುತ್ತದಲ್ಲ. ಹಳೆಯದರ ಅಳತೆಗೇ ಹೊಲಿದರೆ ಹೊಸದು ಹಿಡಿಸುವುದಿಲ್ಲ, ದಪ್ಪವಾಗಿದ್ದೀರಿ ಎಂದು ಹೇಳಲೂ ಆಗುವುದಿಲ್ಲ. ಅದಕ್ಕಾಗಿ ಅಜ್ಜ ಜಗಲಿಯ ಮೂಲೆಯಲ್ಲಿ ತಲೆ ತಗ್ಗಿಸಿ ಕೂತು, ಅವರು ಬಾಗಿಲು ದಾಟಿ ತೋಟಕ್ಕೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ನೋಡುತ್ತಿದ್ದರು. ಅಷ್ಟೇ. ಬಾಗಿಲಿನ ಚೌಕಟ್ಟು ಎಷ್ಟು ಅಗಲವೆಂದು ಮೊದಲೇ ಗೊತ್ತು, ಮಿಕ್ಕ ಜಾಗವನ್ನು ಕಳೆದರೆ ಅಳತೆ ಬಂತು. ಹೀಗೆ ಕಳೆದೂ ಕಳೆದೂ ಅವರಿಗೆ ಕಣ್ಣಳತೆ ಸಿದ್ಧಿಸಿತ್ತು. ಅದು ನನಗೂ ಬಂದಿದೆ ಎಂದು ನಾನು ಬಹಳ ವರ್ಷ ನಂಬಿದ್ದೆ. ಆ ನಂಬಿಕೆಯ ವಿಷಯಕ್ಕೇ ಬರುತ್ತಿದ್ದೇನೆ, ಸ್ವಲ್ಪ ತಡೆಯಿರಿ.

ಅಜ್ಜ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದ ಒಂದು ಕಥೆಯುಂಟು. ಬಂದರಿನ ಕಡೆ ಅಧಿಕಾರದಲ್ಲಿದ್ದ ಒಬ್ಬ ದೊರೆಯ ಹೆಂಡತಿ. ಅವರ ಒಬ್ಬನೇ ಮಗನನ್ನು ಏಳನೇ ವಯಸ್ಸಿಗೆ ಓದಲಿಕ್ಕೆಂದು ಸೀಮೆಗೆ, ಅಂದರೆ ಇಂಗ್ಲೆಂಡಿಗೆ ಕಳಿಸಿದ್ದರು. ನಾಲ್ಕು ವರ್ಷವಾಗಿತ್ತು, ಮಗನನ್ನು ಕಂಡಿರಲಿಲ್ಲ. ಒಂದು ದಿನ ದೊರೆಸಾನಿ ನೀಲಿ ಉಣ್ಣೆಯ ಬಟ್ಟೆ ಹಿಡಿದು ಹಿಂದಿನ ಜಗಲಿಗೆ ಬಂದರು. ಮಗನಿಗೊಂದು ಕೋಟು ಹೊಲಿಯಬೇಕು, ಹಡಗಿನಲ್ಲಿ ಕಳಿಸುತ್ತೇನೆ ಎಂದರು. ಅವರ ಮಾತನ್ನು ಅಜ್ಜನಿಗೆ ತಿಳಿಸಿ ಹೇಳುತ್ತಿದ್ದವನು ಬಂಗಲೆಯ ಬಟ್ಲರ್ ಪಾಸ್ಕಲ್. ಅಳತೆ ಎಷ್ಟು ಎಂದು ಅಜ್ಜ ಅವನ ಮೂಲಕ ಕೇಳಿದರು. ದೊರೆಸಾನಿ ತನ್ನ ಸೊಂಟದ ಹತ್ತಿರ ಕೈ ಅಡ್ಡ ಹಿಡಿದು, ಇಷ್ಟು ಎಂದರು. ಆಮೇಲೆ, ಅಲ್ಲ, ಅದು ಹೋಗುವಾಗ, ಎಂದು ಕೈಯನ್ನು ಮೇಲೆತ್ತಿದರು. ಇನ್ನೂ ಸ್ವಲ್ಪ ಎತ್ತಿದರು. ಮತ್ತೆ ಕೆಳಗಿಳಿಸಿದರು. ಆ ಕೈಗೆ ನಿಲ್ಲಲು ಒಂದು ಜಾಗ ಸಿಗಲಿಲ್ಲ ಎಂದು ಅಜ್ಜ ಹೇಳುತ್ತಿದ್ದರು.

ಕೊನೆಗೆ ಒಳಗಿನಿಂದ ಒಂದು ಫೋಟೋ ಬಂತು. ಶಾಲೆಯ ಗೋಡೆಯ ಮುಂದೆ ಮೂವತ್ತು ಹುಡುಗರು, ಮಗನ ಮುಖ ಅವಲಕ್ಕಿಯಷ್ಟು. ಅಜ್ಜ ಹುಡುಗನನ್ನು ನೋಡಲಿಲ್ಲ, ಅವನ ಹಿಂದಿನ ಗೋಡೆಯ ಇಟ್ಟಿಗೆಗಳನ್ನು ನೋಡಿದರು. ಪಾದದಿಂದ ಭುಜದವರೆಗೆ ಎಷ್ಟು ಸಾಲು ಇಟ್ಟಿಗೆ ಎಂದು ಎಣಿಸಿದರು. ಮನೆಗೆ ಬಂದು ನಮ್ಮ ಬಾವಿಕಟ್ಟೆಯ ಇಟ್ಟಿಗೆಗೆ ಪಟ್ಟಿ ಹಿಡಿದು ಅಷ್ಟೇ ಸಾಲು ಅಳೆದರು. ಕಾಗದಕ್ಕೆ ಕಚ್ಚು ಹಾಕಿದರು. ಕಚ್ಚಾ ಹೊಲಿಗೆ ಹಾಕಿ, ಬಿಚ್ಚಿ, ಮತ್ತೆ ಹಾಕಿ, ಒಳಗೆ ಗಟ್ಟಿ ಬಟ್ಟೆ ಇಟ್ಟು ಒಂದೊಂದೇ ಹೊಲಿಗೆಯಲ್ಲಿ ಕಾಲರನ್ನು ಬಗ್ಗಿಸಿ ಕೂರಿಸಿ, ಎರಡು ವಾರದಲ್ಲಿ ಕೋಟು ಮುಗಿಸಿದರು. ಹಡಗು ಹೋಯಿತು. ತಿಂಗಳುಗಳ ಮೇಲೆ ಪತ್ರ ಬಂತು: ಕೋಟು ಅಚ್ಚಿಗೆ ಹೊಯ್ದ ಹಾಗೆ ಒಪ್ಪಿದೆ, ಇಲ್ಲಿನ ಯಾವ ದರ್ಜಿಯೂ ಹೀಗೆ ಹೊಲಿಯಲಾರ. ದೊರೆಸಾನಿ ಸಂತೋಷದಿಂದ ತನ್ನ ಮನೆಯ ದೊಡ್ಡ ಕತ್ತರಿಯನ್ನು ಅಜ್ಜನಿಗೆ ಇನಾಮು ಕೊಟ್ಟರು. ಇಷ್ಟು ಹೇಳಿ ಅಜ್ಜ ಆ ಕತ್ತರಿಯನ್ನು ತರಿಸಿ ಬಂದವರ ಕೈಗೆ ಕೊಡುತ್ತಿದ್ದರು. ಇಂಗ್ಲಿಷ್ ಅಕ್ಷರ ಕೆತ್ತಿದ, ಒಂದು ಕೈಗೆ ಭಾರವೆನಿಸುವ ಕತ್ತರಿ. ಬಂದವರು ಅದನ್ನು ಎತ್ತಿ ಇಳಿಸಿ, ಹೌದಪ್ಪ ಎನ್ನುತ್ತಿದ್ದರು.

ಈ ಕಥೆಯನ್ನು ನಾನು ಎಷ್ಟು ಸಲ ಕೇಳಿದ್ದೆನೆಂದರೆ, ಅಜ್ಜ ಇಟ್ಟಿಗೆ ಎಣಿಸುವಲ್ಲಿಗೆ ಬಂದಾಗ ನಾನೂ ಬೆರಳು ಮಡಚುತ್ತಿದ್ದೆ. ಬಹ್ರೇನಿಗೆ ವೀಸಾ ಬಂದು ಹೊರಡುವ ಹಿಂದಿನ ಮಧ್ಯಾಹ್ನ ಆಶೀರ್ವಾದ ಬೇಡಲು ಹೋದೆ. ಆಗ ಅಜ್ಜನಿಗೆ ಎಂಬತ್ತೈದು ದಾಟಿತ್ತು. ನಾನು ಮದುವೆಯಾಗಿ ಒಂದು ವರ್ಷ, ಸುಮತಿ ಬಸುರಿ. ಕಾಲು ಮುಟ್ಟಿ ಎದ್ದವನನ್ನು ಹತ್ತಿರ ಕೂರಿಸಿಕೊಂಡರು.

"ಆ ಕೋಟು ಒಪ್ಪಲಿಲ್ಲ ಮಗಾ," ಎಂದರು.

ಯಾವ ಕೋಟು ಎಂದು ನನಗೆ ತಟ್ಟನೆ ಹೊಳೆಯಲಿಲ್ಲ.

ಪತ್ರ ಬಂದದ್ದು ನಿಜವಂತೆ. ಆದರೆ ಅದರಲ್ಲಿ ಇದ್ದದ್ದು ಬೇರೆ. ತೋಳು ಮಣಿಕಟ್ಟಿಗಿಂತ ಎಷ್ಟೋ ಮೇಲೆ ನಿಂತಿತು, ಗುಂಡಿ ಹಾಕಲಾಗಲಿಲ್ಲ, ಶಾಲೆಯ ಒಬ್ಬ ಸಣ್ಣ ಹುಡುಗನಿಗೆ ಕೊಟ್ಟೆ ಎಂದು ಮಗ ಬರೆದಿದ್ದ. ಫೋಟೋ ಒಂದು ವರ್ಷ ಹಳತು. ಇಟ್ಟಿಗೆಯ ಲೆಕ್ಕ ಸರಿಯಿತ್ತು, ಹುಡುಗ ಮಾತ್ರ ಬೆಳೆಯದೆ ಆ ಗೋಡೆಯ ಮುಂದೆಯೇ ನಿಂತಿರಲಿಲ್ಲ. ಪತ್ರ ಓದಿದ ದೊರೆಸಾನಿ ಅದನ್ನು ಹಿಡಿದುಕೊಂಡೇ ಹಿಂದಿನ ಜಗಲಿಗೆ ಬಂದು ಮೆಟ್ಟಿಲ ಮೇಲೆ ಕೂತರು. ದೊರೆಸಾನಿ ಮೆಟ್ಟಿಲ ಮೇಲೆ ಕೂತದ್ದನ್ನು ಅಜ್ಜ ಅದುವರೆಗೆ ಕಂಡಿರಲಿಲ್ಲ. ಎದ್ದು ನಿಲ್ಲಬೇಕೋ ಕೂತೇ ಇರಬೇಕೋ ತಿಳಿಯದೆ ಅರ್ಧ ಎದ್ದರು. ಅವರು ಬೈಯಲಿಲ್ಲ. ಪಾಸ್ಕಲ್‌ನನ್ನು ಕರೆದು ಒಂದು ಪ್ರಶ್ನೆ ಕೇಳಿಸಿದರು.

"ಈಗ ಎಷ್ಟು ಎತ್ತರ ಇರಬಹುದು ಅಂತ ಅಮ್ಮ ಕೇಳ್ತಾರೆ ಶೀನಪ್ಪ."

ಅಜ್ಜ ಕತ್ತರಿಸುತ್ತಿದ್ದ ಬಟ್ಟೆ ಕೆಳಗಿಟ್ಟು ಪೂರಾ ಎದ್ದು ನಿಂತರು. ತನ್ನ ಎದೆಯ ನೇರಕ್ಕೆ ಕೈ ಅಡ್ಡ ಹಿಡಿದರು. ಅದಕ್ಕೆ ಯಾವ ಲೆಕ್ಕವೂ ಇರಲಿಲ್ಲ, ಯಾರಾದರೂ ಏನಾದರೂ ತೋರಿಸಬೇಕಿತ್ತು, ಅದಕ್ಕೆ ತೋರಿಸಿದೆ, ಎಂದರು ನನ್ನೊಡನೆ. ದೊರೆಸಾನಿ ಆ ಕೈಯನ್ನೇ ಸ್ವಲ್ಪ ಹೊತ್ತು ನೋಡಿದರು. ತಲೆಯಾಡಿಸಿ ಎದ್ದು ಒಳಗೆ ಹೋದರು. ಮಗನಿಗೆ ಮತ್ತೇನನ್ನೂ ಹೊಲಿಸಲಿಲ್ಲ. ಅವರು ಆ ಊರು ಬಿಡುವಾಗ ಸಾಮಾನು ಹಂಚಿದರಂತೆ, ಆಗ ಕತ್ತರಿ ಅಜ್ಜನ ಪಾಲಿಗೆ ಬಂತು.

ಇಷ್ಟು ಕಾಲ ಸುಳ್ಳು ಯಾಕೆ ಹೇಳಿದಿರಿ ಎಂದು ಕೇಳಿದೆ. ಒಪ್ಪದ ಕೋಟಿನ ಕಥೆ ಹೇಳಿದರೆ ಯಾರು ಬಟ್ಟೆ ಕೊಡುತ್ತಾರೆ ಎಂದು ಅವರು ನಕ್ಕರು. ನಗು ಮುಗಿಯಿತು. ಇನ್ನೇನೋ ಹೇಳುತ್ತಾರೆಂಬ ಹಾಗೆ ನನ್ನ ಮುಖ ನೋಡಿದರು. ಅಲ್ಲಿ ನಾನೊಂದು ಪ್ರಶ್ನೆ ಕೇಳಿದೆ. ಆ ಪ್ರಶ್ನೆಗಾಗಿ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

"ಹಾಗಾದ್ರೆ ಅಜ್ಜ, ಒಳಗೆ ಎಷ್ಟು ಬಟ್ಟೆ ಬಿಡ್ಬೇಕಿತ್ತು?"

ಅವರು ದಿಂಬು ಸರಿಮಾಡಿಕೊಂಡರು. ಆಮೇಲೆ, "ಎರಡು ಇಂಚು ಬಿಡು," ಎಂದು ಗೋಡೆಯ ಕಡೆ ಹೊರಳಿ ಮಲಗಿದರು.

ಇಂಚು ಓದಲು ಬಾರದ ಅಜ್ಜ ಎರಡು ಇಂಚು ಎಂದಾಗಲೇ, ಅವರು ಹೇಳಬಂದದ್ದು ಬಟ್ಟೆಯ ಮಾತಲ್ಲವೆಂದು ನನಗೆ ತಿಳಿಯಬೇಕಿತ್ತು. ತಿಳಿಯಲಿಲ್ಲ. ವಿದ್ಯೆಯ ಗುಟ್ಟು ಸಿಕ್ಕಿತೆಂದು ಸಂಭ್ರಮದಿಂದ ವಿಮಾನ ಹತ್ತಿದೆ.

ಮಗಳು ಸೌಮ್ಯ ಹುಟ್ಟಿದ ಸುದ್ದಿ ನನಗೆ ಸೆಗಯಾದಲ್ಲಿ ತಲುಪಿತು. ಮೊದಲ ಸಲ ನಾನು ಅವಳನ್ನು ಕಂಡಾಗ ಅವಳು ನಡೆಯುತ್ತಿದ್ದಳು, ನನ್ನನ್ನು ನೋಡಿ ಓಡಿದಳು, ಎದುರಿಗಲ್ಲ, ಹಿಂದಕ್ಕೆ. ಟೈಲರ್ ಕೆಲಸದವನಿಗೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವ ವೀಸಾ ಸುಲಭದಲ್ಲಿ ಸಿಗುವಂಥದ್ದಲ್ಲ. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳು ಊರಿಗೆ. ಊರಿನಲ್ಲಿದ್ದಷ್ಟು ದಿನ ಮೆಷಿನ್ ಮುಟ್ಟುವುದಿಲ್ಲ ಎಂಬುದು ನನ್ನ ನೇಮ. ರಜೆ ಎಂದರೆ ರಜೆ. ಹೊಲಿಯುವುದೆಲ್ಲ ಇಲ್ಲಿಂದಲೇ. ಮಗಳ ಹುಟ್ಟುಹಬ್ಬಕ್ಕೊಂದು, ದೀಪಾವಳಿಗೊಂದು ಫ್ರಾಕು ಹೊಲಿದು ಊರಿಗೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದೆ.

ಅಳತೆ ಕಳಿಸು ಎಂದು ನಾನು ಸುಮತಿಗೆ ಒಮ್ಮೆಯೂ ಬರೆಯಲಿಲ್ಲ. ಶೀನಪ್ಪನ ಮೊಮ್ಮಗ ಅಳತೆ ಕೇಳುವುದೇ? ಊರಿನಿಂದ ಬಂದ ಫೋಟೋವನ್ನು ಕಟಿಂಗ್ ಟೇಬಲ್ಲಿನ ಮೇಲೆ ಇಟ್ಟು, ಸೌಮ್ಯಳ ಪಕ್ಕದ ತುಳಸಿಕಟ್ಟೆಯನ್ನೋ ಕುರ್ಚಿಯನ್ನೋ ಆಧಾರ ಹಿಡಿದು ಕಣ್ಣಳತೆಯಲ್ಲೇ ಕತ್ತರಿಸುತ್ತಿದ್ದೆ. ಬೆಳೆಯುವ ಮಗು ಎಂದು ಬದಿಯ ಹೊಲಿಗೆಯಲ್ಲಿ ಎರಡು ಇಂಚು, ಕೆಳಗಿನ ಮಡಿಕೆಯಲ್ಲಿ ಎರಡು ಇಂಚು ಒಳಗೆ ಬಿಡುತ್ತಿದ್ದೆ. ಒಂದು ತಿಂಗಳಲ್ಲಿ ಫ್ರಾಕು ಹಾಕಿಕೊಂಡ ಮಗಳ ಫೋಟೋ ಬರುತ್ತಿತ್ತು. ಭುಜ ಭುಜದಲ್ಲಿ, ಸೊಂಟ ಸೊಂಟದಲ್ಲಿ. ಅದನ್ನು ಅಂಗಡಿಗೆ ಬಂದವರಿಗೆಲ್ಲ ತೋರಿಸುತ್ತಿದ್ದೆ. ಅವಳು ನರ್ಸಿಂಗ್ ಓದಲು ಹೋಗುವವರೆಗೆ ಇದು ನಡೆಯಿತು.

ಈಗ ಸೌಮ್ಯ ಇಲ್ಲೇ ಆಸ್ಪತ್ರೆಯಲ್ಲಿ ನರ್ಸು. ಗಂಡನೂ ಐದು ವರ್ಷದ ಮಗಳೂ ಅವಳೂ ವಿಮಾನ ನಿಲ್ದಾಣದ ಪಕ್ಕದ ಅರಾದ್‌ನಲ್ಲಿ ಫ್ಲ್ಯಾಟು ಮಾಡಿಕೊಂಡಿದ್ದಾರೆ. ವಿಮಾನಗಳು ಅಡುಗೆಮನೆಯ ಕಿಟಕಿಯಲ್ಲಿ ಇಳಿಯುತ್ತವೆ. ಸುಮತಿ ಈ ಚಳಿಗಾಲ ವಿಸಿಟ್ ವೀಸಾದಲ್ಲಿ ಮೂರು ತಿಂಗಳಿಗೆಂದು ಬಂದಿದ್ದಾಳೆ. ಶುಕ್ರವಾರ ನಾನು ಅಲ್ಲಿಗೆ ಊಟಕ್ಕೆ ಹೋಗುವುದು.

ಹಾಗೊಂದು ಶುಕ್ರವಾರ. ಊಟವಾಗಿತ್ತು. ನಾನು ಅಳಿಯನ ಮುಂದೆ ಕಣ್ಣಳತೆಯ ಪುರಾಣ ತೆಗೆದಿದ್ದೆ. ನಿಮ್ಮ ಹೆಂಡತಿಗೆ ನಾನು ಒಂದು ದಿನವೂ ಟೇಪು ಹಿಡಿದವನಲ್ಲ, ಆದರೆ ಒಂದು ಫ್ರಾಕಾದರೂ ತಪ್ಪಿದ್ದುಂಟೋ ಕೇಳಿ ನೋಡಿ, ಎಂದೆ. ಅಳಿಯ ಕೇಳಲಿಲ್ಲ. ಸೌಮ್ಯ ಒಳಕೋಣೆಗೆ ಹೋಗಿ ಒಂದು ಕೆಂಪು ಫ್ರಾಕು ತಂದಳು. ಅವಳ ಆರನೇ ವರ್ಷದ ಹುಟ್ಟುಹಬ್ಬದ್ದು. ಅಮ್ಮ ಊರಿನಿಂದ ತಂದಿದ್ದಾಳೆ, ಮಗಳಿಗೆ ಹಾಕಬೇಕು, ಒಂದು ಗುಂಡಿ ಹೋಗಿದೆ, ಹಾಕಿಕೊಡಿ ಎಂದಳು. ಮೊಮ್ಮಗಳು ಸೋಫಾದ ಮೇಲಿಂದಲೇ ಫ್ರಾಕನ್ನು ನೋಡಿ, ಐ ಡೋಂಟ್ ವಾಂಟ್, ಎಂದು ಮತ್ತೆ ಫೋನಿಗೆ ತಿರುಗಿದಳು.

ನಾನು ಗುಂಡಿ ನೋಡಲಿಲ್ಲ. ಕೈಗೆ ಬಂದ ಕೂಡಲೇ ಫ್ರಾಕನ್ನು ಮಗುಚಿದೆ.

ಬದಿಯಲ್ಲಿ ನನ್ನ ಮೆಷಿನಿನ ಹೊಲಿಗೆ ಇರಲಿಲ್ಲ. ಅದು ಇದ್ದ ಜಾಗದಲ್ಲಿ ಬಟ್ಟೆಯ ಮೇಲೆ ಸಣ್ಣ ಸಣ್ಣ ತೂತುಗಳ ಸಾಲು ಮಾತ್ರ ಉಳಿದಿತ್ತು. ಅದರಿಂದ ಎರಡು ಬೆರಳು ಆಚೆ, ಬಟ್ಟೆಯ ತುದಿಗೆ ತಾಗಿ, ಕೈಹೊಲಿಗೆ. ನೂಲು ಬೇರೆ, ನಾನು ಬಳಸಿದ್ದಕ್ಕಿಂತ ಒಂದು ಛಾಯೆ ಕಪ್ಪು. ಹೊಲಿಗೆಗಳು ಮೊದಮೊದಲು ದೊಡ್ಡವು, ಓರೆ; ಕೆಳಗೆ ಬರುತ್ತಾ ಬರುತ್ತಾ ಸಣ್ಣವಾಗಿ ನೇರವಾಗಿದ್ದವು. ಹೊಲಿಯುತ್ತಲೇ ಹೊಲಿಯಲು ಕಲಿತವರ ಕೆಲಸ. ಭುಜದಲ್ಲಿಯೂ ಹಾಗೆಯೇ. ಕೆಳಗಿನ ಮಡಿಕೆಯಲ್ಲಿಯೂ.

"ಇದು ನನ್ನ ಹೊಲಿಗೆ ಅಲ್ಲ," ಎಂದೆ.

"ಅಲ್ಲ. ನನ್ನದು," ಎಂದಳು ಸುಮತಿ. ಅವಳು ಊಟದ ಮೇಜು ಒರೆಸುತ್ತಿದ್ದಳು.

"ಇದೊಂದನ್ನು ಯಾಕೆ ಬಿಚ್ಚಿದ್ದು?"

"ಇದೊಂದೇ ಅಲ್ಲ ಅಪ್ಪ," ಎಂದಳು ಸೌಮ್ಯ. "ಎಲ್ಲವೂ."

ಆಮೇಲೆ ತಿಳಿದದ್ದು ಇಷ್ಟು. ಮೊದಲ ಫ್ರಾಕು ಮಗಳ ತಲೆಯಲ್ಲೇ ಸಿಕ್ಕಿಕೊಂಡಿತಂತೆ. ಎರಡನೆಯದು ಭುಜದಿಂದ ಜಾರಿತಂತೆ. ಒಂದು ವರ್ಷ ಬಿಗಿ, ಒಂದು ವರ್ಷ ದೊಗಲೆ, ಉದ್ದವಂತೂ ಎಂದೂ ಸರಿಯಾಗಲಿಲ್ಲ. ಬ್ಲೇಡಿನಿಂದ ನನ್ನ ಹೊಲಿಗೆ ಬಿಚ್ಚಿ ಸುಮತಿ ತಾನೇ ಕೂತು ಹೊಲಿಯುತ್ತಿದ್ದಳು. ಮನೆಯಲ್ಲಿ ಓಡುವ ಮೆಷಿನ್ ಇಲ್ಲ, ಬೇರೆ ಟೈಲರಿಗೆ ಕೊಟ್ಟರೆ ಗಂಡ ಹೊಲಿದದ್ದು ಮಗಳಿಗೆ ಆಗಲಿಲ್ಲ ಎಂದು ಊರಿಗೆಲ್ಲ ಸುದ್ದಿ. ಸರಿಮಾಡಿ, ಹಾಕಿಸಿ, ಪೇಟೆಗೆ ಕರೆದುಕೊಂಡು ಹೋಗಿ ಫೋಟೋ ತೆಗೆಸಿ ಕಳಿಸುತ್ತಿದ್ದಳು. ನಾನು ರಜೆಯಲ್ಲಿ ಹೋದಾಗ ಆ ಫ್ರಾಕುಗಳನ್ನೆಲ್ಲ ಪೆಟ್ಟಿಗೆಯ ತಳದಲ್ಲಿ ಅಡಗಿಸಿಡುತ್ತಿದ್ದಳಂತೆ. ನಾನು ಆ ಫೋಟೋವನ್ನು ನೋಡಿ ಮುಂದಿನದನ್ನು ಕತ್ತರಿಸುತ್ತಿದ್ದೆ.

ಅಳಿಯ ಎದ್ದು ಬಾಲ್ಕನಿಗೆ ಹೋದ. ನಾನು ಫ್ರಾಕನ್ನು ಹಿಡಿದುಕೊಂಡು, ಒಂದು ಮಾತು ಹೇಳಬಹುದಿತ್ತಲ್ಲ ಎಂದೆ. ಸ್ವರ ನಾನು ಎಣಿಸಿದ್ದಕ್ಕಿಂತ ಜೋರಾಯಿತು.

ಸುಮತಿ ಬಟ್ಟೆ ಹಿಂಡಿ ಸಿಂಕಿನ ಬದಿಗೆ ಹರಡಿದಳು. "ಎಂತ ಹೇಳುದು? ನಿಮ್ಮ ಮಗಳು ಎಷ್ಟು ದೊಡ್ಡವಳಾಗಿದ್ದಾಳೆ ಅಂತ ನಿಮಗೆ ಗೊತ್ತಿಲ್ಲ ಅಂತ ಹೇಳುದಾ?"

ಕೈ ಒರೆಸಿಕೊಂಡಳು. ಆಮೇಲೆ ಮೆತ್ತಗೆ, "ಒಳಗೆ ಎರಡೆರಡು ಇಂಚು ಬಟ್ಟೆ ಬಿಡ್ತಿದ್ರಲ್ಲ, ಅದರಿಂದ ಬಚಾವಾಯ್ತು," ಎಂದಳು.

ಆ ದಿನ ಅರಾದ್‌ನಿಂದ ಬಸ್ಸಿನಲ್ಲಿ ಬರುತ್ತಾ ನನಗೆ ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ನಿರ್ಧಾರವಾಗಲಿಲ್ಲ. ಹೆಂಡತಿಯ ಮೇಲೆ ಎಂದರೆ ಅವಳು ಹದಿನೇಳು ವರ್ಷ ಬೆರಳು ಚುಚ್ಚಿಸಿಕೊಂಡು ನನ್ನ ಮಾನ ಉಳಿಸಿದವಳು. ಅಜ್ಜನ ಮೇಲೆ ಎಂದರೆ ಅವರು ಹೇಳಲು ಬಂದದ್ದನ್ನು ನಾನೇ ಇಂಚಿನಲ್ಲಿ ಕೇಳಿದವನು. ಅಂಗಡಿಗೆ ಬಂದು ಮರುದಿನವೂ ಅದರ ಮರುದಿನವೂ ಹೊಲಿದೆ, ಆದರೆ ಬಂದ ಗಿರಾಕಿಗಳಿಗೆಲ್ಲ ಎರಡೆರಡು ಸಲ ಅಳತೆ ಹಿಡಿದೆ. ಪ್ಯಾಂಟಿನ ಕಾಲು ಮಡಚಿಸಲು ಬಂದ ಸಿತ್ರಾದ ಒಬ್ಬ ವೆಲ್ಡರು, ಅಣ್ಣ, ಇದು ಆಗ ಅಳೆದ ಕಾಲೇ, ಎಂದು ನಕ್ಕ.

ಸುಮತಿಯ ಮುಂದೆ ಈ ಮಾತು ನಾನು ಮತ್ತೆ ಎತ್ತಲಿಲ್ಲ. ಒಂದು ಸಂಜೆ ಅವಳನ್ನು ಅಂಗಡಿಗೆ ಕರೆತಂದು ಪವರ್ ಮೆಷಿನಿನ ಮುಂದೆ ಕೂರಿಸಿದೆ. ಪೆಡಲಿನ ಮೇಲೆ ಕಾಲಿಟ್ಟದ್ದೇ ಅದು ಬುರ್ರೆಂದು ಓಡಿತು, ಅವಳು ಕೈ ಎತ್ತಿಬಿಟ್ಟಳು. ಇದು ನನಗೆ ಬೇಡ, ನನ್ನ ಕೈಯೇ ಸಾಕು ಎಂದಳು. ಕೈಹೊಲಿಗೆಯಲ್ಲಿ ಅವಳು ನನಗಿಂತ ಮೇಲು ಎಂದು ಹೇಳಿದೆ. ಹೌದು ಎಂದಳು, ಸಂಕೋಚವಿಲ್ಲದೆ. ಆ ಸಂಜೆ ನನ್ನ ಪಕ್ಕದ ಸ್ಟೂಲಿನಲ್ಲಿ ಕೂತು ಆರು ಅಬಾಯಗಳಿಗೆ ಅಂಚು ಹೊಲಿದಳು. ನಾನು ಒಂದನ್ನೂ ಮಗುಚಿ ನೋಡಲಿಲ್ಲ.

ಕಳೆದ ವಾರ ಸೌಮ್ಯ ಅಂಗಡಿಗೆ ಬಂದಳು. ನಮ್ಮ ಊರಿನವರ ಸಂಘದ ಕಾರ್ಯಕ್ರಮ ಉಂಟು, ಹಸಿರು ಸೀರೆಗೆ ರವಿಕೆ ಬೇಕು. ಡ್ಯೂಟಿ ಮುಗಿಸಿ ನೇರ ಬಂದಿದ್ದಳು. ನಾನು ಬಟ್ಟೆ ತೆಗೆದುಕೊಂಡು, ಎರಡು ದಿನ ಬಿಟ್ಟು ಬಾ ಎನ್ನುತ್ತಿದ್ದ ಹಾಗೆಯೇ ಅವಳು ಬ್ಯಾಗು ಕೆಳಗಿಟ್ಟು ನನ್ನ ಮುಂದೆ ಬೆನ್ನು ಮಾಡಿ ನಿಂತು ಎರಡೂ ಕೈ ಅಗಲಿಸಿದಳು.

"ಟೇಪು ಹಿಡೀರಿ ಅಪ್ಪ."

ಹಿಡಿದೆ. ಮೂವತ್ತಮೂರು ವರ್ಷದ ಮಗಳು. ಭುಜದಿಂದ ಭುಜಕ್ಕೆ ಅಳೆದಾಗ ಎಡಭುಜ ಅರ್ಧ ಇಂಚು ಕೆಳಗೆ ಇಳಿದದ್ದು ಕಂಡಿತು. ರೋಗಿಗಳನ್ನು ಎತ್ತಿ ಎತ್ತಿ ಹಾಗಾದದ್ದಂತೆ. ಆ ಬದಿ ಆಗಾಗ ನೋಯುತ್ತದೆ ಎಂದಳು. ನನಗೆ ಗೊತ್ತಿರಲಿಲ್ಲ. ಅಂಕಿಗಳನ್ನು ಬರೆದುಕೊಂಡೆ. ಎಲ್ಲವನ್ನೂ ಬರೆದಾದ ಮೇಲೆ ತೋಳಿನ ಸುತ್ತಳತೆ ಮತ್ತೊಮ್ಮೆ ಹಿಡಿದೆ.

ಇಷ್ಟಾಗಿಯೂ ತಪ್ಪಿತು. ನಾಲ್ಕು ದಿನದ ಮೇಲೆ ಅವಳು ರವಿಕೆ ಹಿಡಿದುಕೊಂಡು ವಾಪಸು ಬಂದಳು. ಅಂಗಡಿಯಲ್ಲಿ ಜನ ಇದ್ದರು, ಒಬ್ಬ ಬಹ್ರೇನಿ ಹೆಂಗಸು, ಹೋಟೆಲಿನ ಇಬ್ಬರು ಹುಡುಗಿಯರು. ಅವರೆಲ್ಲರ ಎದುರಿನಲ್ಲೇ, ಸಣ್ಣ ಮಾಡದ ಸ್ವರದಲ್ಲಿ ಹೇಳಿದಳು.

"ಅಪ್ಪ, ತೋಳು ಬಿಗಿಯಾಗಿದೆ. ಕೈ ಎತ್ತಲಿಕ್ಕೆ ಆಗುದಿಲ್ಲ."

ಮೂವತ್ತನಾಲ್ಕು ವರ್ಷದ ಅನುಭವದ ಟೈಲರಿಗೆ ಗಿರಾಕಿಗಳ ಮುಂದೆ ನಾಚಿಕೆಯಾಗಬೇಕಿತ್ತು. ನನ್ನ ಮನೆಯವರು ಮುಚ್ಚಿಡದೆ ನನಗೆ ಹೇಳಿದ ಮೊದಲ ದೂರು ಇದು. ನನಗೆ ಎದೆಯೊಳಗೆ ಏನೋ ಸಡಿಲವಾದ ಹಾಗಾಯಿತು. ಉಳಿದವರನ್ನು ಕಾಯಲು ಹೇಳಿ ಅವಳಿಗೆ ಸ್ಟೂಲು ಕೊಟ್ಟೆ. ಅವಳು ವಾರ್ಡಿನ ಸುದ್ದಿ ಹೇಳುತ್ತಾ ಕೂತಳು, ನಾನು ತೋಳಿನ ಹೊಲಿಗೆ ಬಿಚ್ಚುತ್ತಾ ಕೇಳಿದೆ. ಕಾಲು ಇಂಚಿನಷ್ಟು ಸಡಿಲಬಿಟ್ಟು ಹೊಲಿದುಕೊಟ್ಟೆ. ಪರದೆಯ ಹಿಂದೆ ಹೋಗಿ ಹಾಕಿಕೊಂಡು ಬಂದು ಕೈ ಮೇಲಕ್ಕೆತ್ತಿ ನೋಡಿದಳು.

"ಇನ್ನೂ ಸ್ವಲ್ಪ," ಎಂದಳು.

ನಾನು ಇನ್ನೂ ಸ್ವಲ್ಪ ಬಿಚ್ಚಿದೆ.